ಕೌಲೇದುರ್ಗದ ಎರಡನೇ ಬಾಗಿಲು

ಮಗನಿಗೆ 19 ವರ್ಷ. ಸೈನ್ಯಕ್ಕೆ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ದೀಪಾವಳಿ ಮುಗಿದ ಮೇಲೆ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರದಲ್ಲಿ ಹಾಜರಾಗಬೇಕು ಅಂತ ಪತ್ರ ಬಂತು. ಹಬ್ಬದ ರಾತ್ರಿಗಳಲ್ಲಿ ಮನೆಮನೆಗೆ ದೀಪ ಒಯ್ದು ಹಾಡುವ ಅಂಟಿಗೆ ಪಂಟಿಗೆಯವರ ಜೊತೆ ದೀಪ ಹಿಡಿದು ಊರೂರು ತಿರುಗಿದ. ನಮ್ಮನೆ ಬಾಗಿಲಿಗೂ ಅವನೇ ದೀಪ ತಂದ. ಎಣ್ಣೆ ಹಾಕುವಾಗ ನನ್ನ ಕೈ ನಡುಗಿತು. ಅವನು ನೋಡಿದ, ಏನೂ ಅನ್ನಲಿಲ್ಲ.

ಮಾರನೇ ಬೆಳಿಗ್ಗೆ, "ಅಮ್ಮ, ಹೋಗೋಕೆ ಮುಂಚೆ ನಾವಿಬ್ರೂ ಎಲ್ಲಿಗಾದ್ರೂ ಹೋಗಿ ಬರೋಣ್ವಾ?" ಅಂದ. ಗೋಕರ್ಣ ಅಂತಾನೇನೋ ಅಂದುಕೊಂಡೆ. ಕೌಲೇದುರ್ಗ ಅಂದ. ಅಜ್ಜಿ ಕಥೆಯ ಕೋಟೆ.

ಪುಸ್ತಕದಲ್ಲಿ ಅದು ಕವಲೇದುರ್ಗ. ನಮ್ಮ ಬಾಯಲ್ಲಿ ಕೌಲೇದುರ್ಗ. ಮಗನ ಬದಲು ಸಿಪಾಯಿ ವೇಷ ಹಾಕಿಕೊಂಡು ಕೋಟೆ ಬಾಗಿಲು ಕಾಯ್ದ ಒಬ್ಬ ತಾಯಿಯ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ನಾನು ಕೇಳಿದೆ, ನನ್ನ ಮಗನಿಗೂ ಹೇಳಿದೆ. ಆದರೆ ಸಾಗರದಿಂದ ಇಷ್ಟು ಹತ್ತಿರ ಇದ್ದೂ ನಾನು ಆ ಕೋಟೆ ಹತ್ತಿರಲಿಲ್ಲ.

ನಮ್ಮನೆಯವರು ಬರಲಿಲ್ಲ. ಅಡಿಕೆ ಕೊನೆ ಕೊಯ್ಲು ಶುರುವಾಗಿತ್ತು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನ ಬಿಟ್ಟರೆ ಮತ್ತೆ ಸಿಗೋದು ಯಾವಾಗಲೋ. "ನೀವಿಬ್ರೂ ಹೋಗಿ ಬನ್ನಿ" ಅಂತ ಹೇಳಿ ತೋಟಕ್ಕೆ ಇಳಿದುಬಿಟ್ಟರು. ಹೊಸ ಟ್ರಂಕನ್ನೂ ನಮ್ಮ ಹಳೇ ಓಮ್ನಿಗೆ ಹಾಕಿಕೊಂಡೆವು. ನಾಲ್ಕನೇ ದಿನ ಶಿವಮೊಗ್ಗದಿಂದಲೇ ಅವನು ಬೆಳಗಾವಿ ಬಸ್ಸು ಹತ್ತುವುದು ಅಂತ ತೀರ್ಮಾನ ಆಗಿತ್ತು.

ಮೊದಲ ದಿನ: ಕೆಳದಿ, ಇಕ್ಕೇರಿ

ಕೆಳದಿ ನಮಗೆ ಪಕ್ಕದ ಊರಿದ್ದಂತೆ. ಶಾಲೆಯಲ್ಲಿದ್ದಾಗ ಎಷ್ಟು ಸಲ ಬಂದಿದ್ದೇವೋ. ರಾಮೇಶ್ವರನಿಗೆ ಕೈಮುಗಿದು ವೀರಭದ್ರನ ಗುಡಿಗೆ ಬಂದೆವು. ಚಾವಣಿಯಲ್ಲಿ ಗಂಡಭೇರುಂಡ ಇದೆ. ಕತ್ತು ನೋಯುವವರೆಗೆ ನೋಡಿದೆವು.

ಈ ಸಲ ನನಗೆ ನೋಡಬೇಕಾಗಿದ್ದದ್ದು ಚೆನ್ನಮ್ಮನ ಊರು. ಕಿತ್ತೂರಿನ ಚೆನ್ನಮ್ಮ ಅಲ್ಲ, ಅವರಿಗಿಂತ ನೂರು ವರ್ಷಕ್ಕೂ ಹಿಂದಿನ ಕೆಳದಿ ಚೆನ್ನಮ್ಮ. ಗಂಡ ಸೋಮಶೇಖರ ನಾಯಕ ಕೊಲೆಯಾದ ಮೇಲೆ 1672ರ ಹೊತ್ತಿಗೆ ರಾಜ್ಯ ಕೈಗೆ ತೆಗೆದುಕೊಂಡರು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಬಸಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು ಸಾಕಿದರು. ಸುಮಾರು 25 ವರ್ಷ ಆಳಿದರು.

ಅವರ ಕಾಲದ ಒಂದು ಘಟನೆ ಎಲ್ಲರಿಗೂ ಗೊತ್ತು. 1689ರಲ್ಲಿ ಔರಂಗಜೇಬ ಶಿವಾಜಿಯ ಹಿರಿಮಗ ಸಂಭಾಜಿಯನ್ನು ಕೊಲ್ಲಿಸಿದ. ಕಿರಿಮಗ ರಾಜಾರಾಮ ದಕ್ಷಿಣದ ಜಿಂಜಿ ಕೋಟೆಯ ಕಡೆಗೆ ತಪ್ಪಿಸಿಕೊಂಡು ಹೊರಟ. ಜಂಗಮನ ವೇಷದಲ್ಲಿ ಬಂದ. ಅವನಿಗೆ ಆಶ್ರಯ ಕೊಟ್ಟರೆ ಮೊಗಲರ ಸೈನ್ಯ ತನ್ನ ಮನೆ ಬಾಗಿಲಿಗೇ ಬರುತ್ತದೆ ಅಂತ ಚೆನ್ನಮ್ಮನಿಗೆ ಗೊತ್ತಿತ್ತು. ಆದರೂ ಕೊಟ್ಟರು. ತಮ್ಮ ನಾಡು ದಾಟಿಸಿ ಕಳಿಸಿದರು.

ಗುಡಿಯ ಕಟ್ಟೆ ಮೇಲೆ ಕೂತು ಇದನ್ನೇ ಮಾತಾಡುತ್ತಿದ್ದೆವು. ಮಗ ಫೋನು ನೋಡಿ ಹೇಳಿದ, "ಅಮ್ಮ, ರಾಜಾರಾಮ ಹುಟ್ಟಿದ್ದು 1670ರಲ್ಲಿ. ಇಲ್ಲಿಗೆ ಬಂದಾಗ ಅವನಿಗೂ 19."

ನನಗೆ ಗಂಟಲು ಕಟ್ಟಿತು. ಇಷ್ಟು ದಿನ ರಾಜಾರಾಮ ಅಂದರೆ ಗಡ್ಡ ಮೀಸೆಯ ದೊಡ್ಡ ದೊರೆ ಅಂತಲೇ ಅಂದುಕೊಂಡಿದ್ದೆ. 19 ಅಂದರೆ ಇನ್ನೂ ಹುಡುಗ. ಅಣ್ಣನನ್ನು ಕಳೆದುಕೊಂಡು, ಯಾರದೋ ಬಟ್ಟೆ ಹಾಕಿಕೊಂಡು, ಮಳೆಯಲ್ಲಿ ನೆನೆದು ಬಂದ ಹುಡುಗ. ಚೆನ್ನಮ್ಮ ಅವನಿಗೆ ಮೊದಲು ಏನು ಕೇಳಿರಬಹುದು? ಊಟ ಆಯ್ತಾ ಅಂತಲೇ ಕೇಳಿರುತ್ತಾರೆ ಅಂತ ನನ್ನ ಮನಸ್ಸಿಗೆ ಅನಿಸಿತು.

ಇನ್ನೊಂದು ಮಾತು. ಮಗ ಸೇರುತ್ತಿರುವ ರೆಜಿಮೆಂಟಿನವರು ಇವತ್ತಿಗೂ ಯುದ್ಧಕ್ಕೆ ನುಗ್ಗುವಾಗ ಛತ್ರಪತಿ ಶಿವಾಜಿ ಮಹಾರಾಜರಿಗೆ ಜೈ ಅಂತಾರೆ. ಅವತ್ತು ಶಿವಾಜಿಯ ಮಗನನ್ನು ನಮ್ಮ ನಾಡಿನ ಒಬ್ಬ ತಾಯಿ ಕಾಪಾಡಿ ಕಳಿಸಿದರು. ಇವತ್ತು ನನ್ನ ಮಗ ಆ ಹೆಸರು ಕೂಗುವವರ ಹತ್ತಿರ ಹೋಗುತ್ತಿದ್ದಾನೆ. ಅಲ್ಲೂ ಯಾರಾದರೂ ಇವನನ್ನು ಹಾಗೇ ನೋಡಿಕೊಳ್ಳಲಿ ಅಂತ ರಾಮೇಶ್ವರನಿಗೆ ಇನ್ನೊಂದು ಸಲ ಕೈಮುಗಿದೆ.

ಇಕ್ಕೇರಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಘೋರೇಶ್ವರನ ಗುಡಿ ಕಲ್ಲಿನ ಬೆಟ್ಟದಂತಿದೆ. ಒಳಗೆ ನೆಲದ ಮೇಲೆ ಕೆಳದಿ ನಾಯಕರು ಅಡ್ಡಬಿದ್ದಂತೆ ಕೆತ್ತಿದ್ದಾರೆ. ಮಗ ಅವುಗಳನ್ನು ತುಳಿಯದ ಹಾಗೆ ಸುತ್ತಿ ಬಂದ. ಹೊರಗೆ ನಂದಿ ಮಂಟಪದಲ್ಲಿ ಕೂತು ಕೊಟ್ಟೆ ಕಡುಬು ತಿಂದು ಹೊಸನಗರದ ದಾರಿ ಹಿಡಿದೆವು. ರಾತ್ರಿ ಅಲ್ಲಿ ನೆಂಟರ ಮನೆಯಲ್ಲಿ ಉಳಿದೆವು.

ಎರಡನೇ ದಿನ: ನಗರ

ನಗರ ಅಂದರೆ ಹೊಸಬರು ದೊಡ್ಡ ಪೇಟೆ ಅಂದುಕೊಳ್ಳುತ್ತಾರೆ. ಈಗ ಅದು ಸಣ್ಣ ಊರು. ಒಂದು ಕಾಲದಲ್ಲಿ ಇದೇ ಬಿದನೂರು. ಕೆಳದಿ, ಇಕ್ಕೇರಿ ಆದ ಮೇಲೆ ನಾಯಕರ ಮೂರನೇ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಕರೆದ. ಹೈದರ್ ಹೋಗಿ ನಗರ ಮಾತ್ರ ಉಳಿಯಿತು.

ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಹುಲ್ಲು ಎದೆ ಮಟ್ಟ ಬೆಳೆದಿತ್ತು. ಅರಮನೆಯ ತಳಪಾಯ ಇದೆ, ಅಕ್ಕತಂಗಿ ಕೊಳ ಇದೆ. ಕೊಳದ ಹತ್ತಿರ ನಿಂತಾಗ ನನಗೆ ವೀರಮ್ಮಾಜಿ ನೆನಪಾದರು. ಕೆಳದಿಯ ಕೊನೆಯ ರಾಣಿ. ಹೈದರನ ಸೈನ್ಯ ಬಂದಾಗ ಇಲ್ಲಿಂದ ಬಲ್ಲಾಳರಾಯನದುರ್ಗಕ್ಕೆ ಓಡಿದರು. ಅಲ್ಲಿ ಸಿಕ್ಕಿಬಿದ್ದರು. ದತ್ತುಮಗನ ಜೊತೆ ಮಧುಗಿರಿ ಕೋಟೆಯಲ್ಲಿ ಸೆರೆಯಲ್ಲಿಟ್ಟರು. 1767ರಲ್ಲಿ ಮರಾಠರು ಬಿಡಿಸಿದರು. ಆದರೆ ಪುಣೆಗೆ ಹೋಗುವ ದಾರಿಯಲ್ಲೇ ತೀರಿಕೊಂಡರು. ಮರಾಠರ ಹುಡುಗನನ್ನು ಇಲ್ಲಿನ ರಾಣಿ ಕಾಪಾಡಿದ ಮೇಲೆ, ಇಲ್ಲಿನ ರಾಣಿಯನ್ನು ಮರಾಠರು ಬಿಡಿಸಲು 78 ವರ್ಷ ಬೇಕಾಯಿತು. ಅವರ ಕಥೆಯನ್ನು ನಾವು ಜಾಸ್ತಿ ಹೇಳುವುದಿಲ್ಲ. ಗೆದ್ದವರ ಕಥೆಯಷ್ಟೇ ಹೇಳುತ್ತೇವೆ. ಸೋತು ಓಡುವಾಗಲೂ ಮಗನ ಕೈ ಬಿಡದವರ ಕಥೆಯನ್ನೂ ಹೇಳಬೇಕು.

ಮಗ ಝಾನ್ಸಿಯ ಲಕ್ಷ್ಮೀಬಾಯಿಯ ಮಾತು ತೆಗೆದ. ಅವರ ಮಗ ದಾಮೋದರ ರಾವ್ ಕೂಡ ದತ್ತುಮಗನೇ. ಆ ಮಗುವನ್ನು ಜೊತೆಗೆ ಕಟ್ಟಿಕೊಂಡು ಝಾನ್ಸಿ ಕೋಟೆಯಿಂದ ತಪ್ಪಿಸಿಕೊಂಡರು. 1858ರ ಜೂನ್‌ನಲ್ಲಿ ಗ್ವಾಲಿಯರ್ ಹತ್ತಿರ ಸತ್ತಾಗ ಅವರ ಮೈಮೇಲೆ ಇದ್ದದ್ದು ಗಂಡಸು ಸವಾರನ ಬಟ್ಟೆ. "ಅಜ್ಜಿ ಕಥೆಯವಳ ಹಾಗೇ ಅಲ್ವಾ ಅಮ್ಮ?" ಅಂದ. ಹೌದು. ಆದರೆ ಲಕ್ಷ್ಮೀಬಾಯಿಗೆ ಒಂದು ಹೆಸರಿದೆ. ಊರೂರಿನಲ್ಲಿ ಪ್ರತಿಮೆ ಇದೆ. ಅಜ್ಜಿ ಕಥೆಯವಳಿಗೆ ಹೆಸರೂ ಇಲ್ಲ.

ದೇವಗಂಗೆ ಕೊಳಕ್ಕೆ ಹೋಗಿ ಕಾಲು ತೊಳೆದುಕೊಂಡೆವು. ಸಂಜೆ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆ.

ಅಕ್ಕ ಎಳೆ ಬಿದಿರಿನ ಕಳಲೆ ಪಲ್ಯ ಮಾಡಿದ್ದಳು. ಮಳೆಗಾಲದಲ್ಲಿ ಉಪ್ಪು ಹಾಕಿ ಇಟ್ಟಿದ್ದ ಕಳಲೆ. ಊಟ ಆದ ಮೇಲೆ ಬಚ್ಚಲ ಒಲೆ ಮುಂದೆ ಕೂತಾಗ ಮಗ, "ದೊಡ್ಡಮ್ಮ, ಅಜ್ಜಿ ಕಥೆ ನೀವು ಹೇಳಿ. ಅಮ್ಮಂದು ಕೇಳಿದೀನಿ" ಅಂದ.

ಕಥೆ ಇಷ್ಟು. ಕೌಲೇದುರ್ಗದ ಎರಡನೇ ಬಾಗಿಲಿಗೆ ಒಬ್ಬ ಹುಡುಗ ಕಾವಲು. ಅವನಪ್ಪ ದೂರದ ಯಾವುದೋ ದಂಡಿಗೆ ಹೋದವನು ಬಂದಿಲ್ಲ. ಮನೆಯಲ್ಲಿ ತಾಯಿ, ಮಗ ಇಬ್ಬರೇ. ಆಷಾಢದ ಮಳೆ. ಹುಡುಗನಿಗೆ ಚಳಿಜ್ವರ ಬಂದು ಏಳಲಾಗದೆ ಮಲಗಿದ. ಬಾಗಿಲಲ್ಲಿ ಕಾವಲು ಇಲ್ಲ ಅಂತ ಗೊತ್ತಾದರೆ ತಲೆ ಹೋಗುತ್ತದೆ. ಹೊತ್ತು ಮುಳುಗಿತು. ತಾಯಿ ಮಗನ ತಲೆಗೆ ಒದ್ದೆ ಬಟ್ಟೆ ಹಾಕಿದಳು. ಪಕ್ಕದಲ್ಲಿ ಗಂಜಿ ಇಟ್ಟಳು. ಸೀರೆಯನ್ನು ಕಚ್ಚೆ ಬಿಗಿದಳು. ನಟ್ಟಿಗೆ ಹೋಗುವಾಗ ಮಳೆಗೆ ಹೆಂಗಸರು ತಲೆ ಬೆನ್ನಿಗೆ ಹಾಕುವ ಗೊರಬು ಗೋಡೆಯಲ್ಲಿತ್ತು. ಅದನ್ನು ಮುಟ್ಟಲಿಲ್ಲ. ಮಗನ ಕಂಬಳಿ ಕೊಪ್ಪೆ ಹಾಕಿಕೊಂಡು ಈಟಿ ಹಿಡಿದು ಬೆಟ್ಟ ಹತ್ತಿದಳು.

"ಬಳೆ ಬಿಚ್ಚಿಟ್ಟಳು" ಅಂದೆ ನಾನು.

"ಇಲ್ವೇ" ಅಂದಳು ಅಕ್ಕ. "ಗಂಡ ಬದುಕಿದಾನೋ ಇಲ್ವೋ ಗೊತ್ತಿಲ್ಲ. ಬಳೆ ಹೇಗೆ ತೆಗೀತಾಳೆ? ಸದ್ದಾಗಬಾರದು ಅಂತ ಬಟ್ಟೆ ಸುತ್ತಿಕೊಂಡಳು. ಅಜ್ಜಿ ಹೇಳಿದ್ದು ಹಾಗೇ."

ಅಕ್ಕ ಹೇಳಿದ್ದೇ ಸರಿ ಇರಬೇಕು. ನಾನು ಆಗ ಚಿಕ್ಕವಳು, ಅರ್ಧ ಕಥೆಗೇ ನಿದ್ದೆ ಮಾಡುತ್ತಿದ್ದೆ. ಮೂರು ರಾತ್ರಿ ಅವಳು ಹಾಗೆ ನಿಂತಳು. ಮೇಲಿನವನು ಪಂಜು ಹಿಡಿದು ಬಂದು ಹುಡುಗನ ಹೆಸರು ಕರೆದರೆ ಕೆಮ್ಮುತ್ತಿದ್ದಳು. ಮಾತಾಡಿದರೆ ಗೊತ್ತಾಗುತ್ತದಲ್ಲ. ಬೆಳಕು ಹರಿಯುವ ಮುಂಚೆ ಮನೆಗೆ ಓಡಿ ಬಂದು ಮಗನ ಹಣೆ ಮುಟ್ಟಿ ನೋಡುತ್ತಿದ್ದಳು.

"ಕೊನೆಗೆ?" ಅಂದ ಮಗ. ಅವನಿಗೆ ಗೊತ್ತು. ಆದರೂ ಕೇಳಿದ.

ನಾವೂ ಅಜ್ಜಿಗೆ ಹಾಗೇ ಕೇಳುತ್ತಿದ್ದೆವು. ಶತ್ರುಗಳು ಬಂದರಾ? ಅವಳು ಸಿಕ್ಕಿಬಿದ್ದಳಾ? ರಾಣಿ ಚಿನ್ನದ ಕಡಗ ಕೊಟ್ಟರಾ? ಅಜ್ಜಿ ಎಲೆಯಡಿಕೆ ಕುಟ್ಟುತ್ತಾ, "ಅದೆಲ್ಲ ನಂಗೆ ಗೊತ್ತಿಲ್ಲ. ಮಗ ಎದ್ದು ಗಂಜಿ ಕುಡಿದ" ಅನ್ನುತ್ತಿದ್ದರು. ಅಲ್ಲಿಗೆ ಕಥೆ ಮುಗೀತು. ಚಿಕ್ಕವಳಿದ್ದಾಗ ನನಗೆ ಮೋಸ ಹೋದ ಹಾಗೆ ಅನಿಸುತ್ತಿತ್ತು. ಅಕ್ಕನೂ ಈಗ ಅಲ್ಲಿಗೇ ನಿಲ್ಲಿಸಿದಳು.

ಇದು ಯಾವ ಪುಸ್ತಕದಲ್ಲೂ ಇರುವ ಕಥೆ ಅಲ್ಲ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು.

ಮೂರನೇ ದಿನ: ಕೌಲೇದುರ್ಗ

ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಬೆಳಿಗ್ಗೆ ಎಂಟಕ್ಕೆ ಬೆಟ್ಟದ ಬುಡದಲ್ಲಿದ್ದೆವು. ಮೊದಲು ಗದ್ದೆ ಅಂಚಿನ ಮೇಲೆ ನಡೆಯಬೇಕು. ಭತ್ತ ಹಾಲುಗಟ್ಟಿತ್ತು. ಆಮೇಲೆ ಕಾಡು, ಕಲ್ಲು ಹಾಸಿದ ದಾರಿ. ಮಂಜು ಇತ್ತು. ಮಳೆ ಹನಿಯುತ್ತಿತ್ತು. ಕಲ್ಲಿನ ಮೇಲೆ ಪಾಚಿ, ಹುಲ್ಲಿನಲ್ಲಿ ರಕ್ತ ಹೀರುವ ಉಂಬಳ. ಅಕ್ಕ ಸುಣ್ಣ, ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಳು. ಹತ್ತಿ ಹೋಗುವವರು ಅದನ್ನು ಮರೆಯಬೇಡಿ.

ಈ ಕೋಟೆಗೆ ಹಳೇ ಹೆಸರು ಭುವನಗಿರಿ ದುರ್ಗ. ಬೆಟ್ಟದ ಮೈಗೆ ಹೊಂದಿಕೊಂಡು ಸುತ್ತು ಸುತ್ತಾಗಿ ಗೋಡೆಗಳಿವೆ. ಒಂದು ಬಾಗಿಲು ದಾಟಿದರೆ ಇನ್ನೊಂದು. ಬಾಗಿಲುಗಳು ನೇರ ಇಲ್ಲ, ದಾರಿ ತಿರುಗುತ್ತದೆ. ನುಗ್ಗಿ ಬಂದವನಿಗೆ ಮುಂದಿನ ಬಾಗಿಲು ಕಾಣಬಾರದು. ಪ್ರತಿ ಬಾಗಿಲ ಪಕ್ಕ ಕಾವಲಿನವರಿಗೆ ಕಲ್ಲಿನ ಕಟ್ಟೆ, ಸಣ್ಣ ಕೋಣೆ. ರಾಜಾರಾಮನಿಗೆ ಆಶ್ರಯ ಕೊಟ್ಟದ್ದಕ್ಕೆ ಮೊಗಲರ ಸೈನ್ಯ ಬಿದನೂರಿಗೆ ಬಂದಾಗ ಚೆನ್ನಮ್ಮ ಬಂದು ಸೇರಿದ್ದು ಈ ದುರ್ಗಕ್ಕೇ. ನಮ್ಮ ಕಾಡು, ನಮ್ಮ ಮಳೆ ಬಯಲಿನಿಂದ ಬಂದ ಕುದುರೆಗಳನ್ನು ಕಾಡಿಸಿಬಿಟ್ಟವು. ಕೊನೆಗೆ ಒಪ್ಪಂದವಾಯಿತು. ರಾಜ್ಯ ಉಳಿಯಿತು. ಅಷ್ಟು ಹೊತ್ತಿಗೆ ರಾಜಾರಾಮ ಜಿಂಜಿ ತಲುಪಿದ್ದ.

ಎರಡನೇ ಬಾಗಿಲಿಗೆ ಬರುವಾಗ ನನ್ನ ಮಂಡಿ ಹಿಡಿದುಕೊಂಡಿತು. ಹತ್ತು ಮೆಟ್ಟಿಲು ಹತ್ತಿದೆ, ಆಗಲಿಲ್ಲ. "ನೀನು ಮೇಲೆ ಹೋಗಿ ಬಾ ಮಗಾ. ನಾನು ಇಲ್ಲೇ ಕೂತಿರ್ತೀನಿ" ಅಂದೆ. ಅವನು ಒಪ್ಪಲಿಲ್ಲ. "ತುದಿ ನೋಡದೆ ವಾಪಸ್ ಬರಬೇಡ" ಅಂತ ಜೋರು ಮಾಡಿದೆ. ಅವನು ತನ್ನ ಜಾಕೆಟ್ ತೆಗೆದು ನನಗೆ ಹಾಕಿದ. ಸೈನ್ಯದ ರ‍್ಯಾಲಿಗೆ ಓಡುವಾಗಿನಿಂದ ಹಾಕುತ್ತಿದ್ದ ಹಸಿರು ಜಾಕೆಟ್ಟು. ಟೊಪ್ಪಿಯನ್ನು ತಲೆ ಮೇಲೆ ಎಳೆದ. ದಾರಿಯಲ್ಲಿ ಸಿಕ್ಕಿದ ಬಿದಿರು ಕೋಲು ಕೈಗೆ ಕೊಟ್ಟ. ಮಂಜಿನೊಳಗೆ ಹೋಗಿಬಿಟ್ಟ.

ಮೊದಲು ಕಟ್ಟೆ ಮೇಲೆ ಕೂತೆ. ಕಲ್ಲು ತಣ್ಣಗಿತ್ತು. ಚಳಿ ಸೀದಾ ಸೊಂಟಕ್ಕೆ ಬಂತು. ಎದ್ದು ಬಾಗಿಲ ಪಕ್ಕದ ಕೋಣೆಯಲ್ಲಿ ನಿಂತೆ. ಎದುರಿಗೆ ಹತ್ತು ಮಾರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹನಿ ಬಿದ್ದ ಸದ್ದು ಹೆಜ್ಜೆ ಸದ್ದಿನ ಹಾಗೇ ಕೇಳುತ್ತದೆ. ಒಂದೊಂದು ಸಲವೂ ಎದೆ ಧಸಕ್ ಅನ್ನುತ್ತದೆ. ಹಗಲು ಹತ್ತು ಗಂಟೆಯಲ್ಲೇ ಹೀಗೆ. ಅವಳು ಆಷಾಢದ ರಾತ್ರಿ ನಿಂತಳು. ಮೂರು ರಾತ್ರಿ. ಅವಳ ಕಣ್ಣು ಕೆಳಗಿನ ದಾರಿಯ ಮೇಲಿತ್ತಾ, ಅಥವಾ ಮನೆಯ ಕಡೆಗಾ? ಈ ಬಾಗಿಲಿಂದ ಬುಡದ ಹಳ್ಳಿ ಕಾಣುತ್ತಾ ಅಂತ ಇಣುಕಿ ನೋಡಿದೆ. ಮಂಜು ಬಿಟ್ಟರೆ ಇನ್ನೇನಿಲ್ಲ. ಮಗ ಉಸಿರಾಡುತ್ತಿದ್ದಾನೋ ಇಲ್ಲವೋ ಗೊತ್ತಾಗದೆ ಈಟಿ ಹಿಡಿದು ನಿಲ್ಲುವುದು ಹೇಗೆ?

ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಇವನ ಬದಲು ನಾನೇ ಹೋಗುವ ಹಾಗಿದ್ದರೆ? ಈ ಚಾಕರಿ ನಾಲ್ಕು ವರ್ಷ. ಆಮೇಲೆ ನೂರಕ್ಕೆ 25 ಜನರನ್ನು ಉಳಿಸಿಕೊಳ್ಳುತ್ತಾರೆ, ಉಳಿದವರು ಮನೆಗೆ. 2022ರಲ್ಲಿ ಈ ಯೋಜನೆ ಬಂದಾಗಿನಿಂದ ನಮ್ಮ ಊರಿನಲ್ಲಿ ಅದೇ ಮಾತು. ನನಗೆ ಆ ಲೆಕ್ಕ ಕಾಡುವುದಿಲ್ಲ. ಗಡಿಯಲ್ಲಿ ಒಂದು ರಾತ್ರಿ ಅವನಿಗೆ ಜ್ವರ ಬಂದರೆ ಯಾರು ಒದ್ದೆ ಬಟ್ಟೆ ಹಾಕುತ್ತಾರೆ ಅನ್ನೋದು ಕಾಡುತ್ತದೆ. ಅವನಿಗೆ ಈ ಕೆಲಸ ಇಷ್ಟ. ಎರಡು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓಡಿದ್ದಾನೆ. ನಾನು ಬೇಡ ಅನ್ನಲಿಲ್ಲ. ಅನ್ನುವುದೂ ಇಲ್ಲ.

ಆಗ ನಾಲ್ಕೈದು ಹುಡುಗರು ಕೆಳಗಿನಿಂದ ಬಂದರು. ಬೇರೆ ಊರಿನವರು, ಬೆನ್ನಿಗೆ ಚೀಲ. ಮಂಜಿನಲ್ಲಿ ನನ್ನನ್ನು ನೋಡಿ ಒಬ್ಬ ನಿಂತ. "ಅಣ್ಣಾ, ಇನ್ನೂ ಎಷ್ಟು ದೂರ?" ಅಂದ.

ಟೊಪ್ಪಿ ಮುಖಕ್ಕೆ ಬಂದಿತ್ತು. ಕೈಯಲ್ಲಿ ಕೋಲು. ನಾನು ಮಾತಾಡಲಿಲ್ಲ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಜಾಕೆಟ್ಟಿನ ತೋಳನ್ನು ಬಳೆ ಮುಚ್ಚುವ ಹಾಗೆ ಕೆಳಗೆ ಎಳೆದುಕೊಂಡೆ. ಒಂದು ಸಲ ಕೆಮ್ಮಿದೆ. ಕೋಲಿನಲ್ಲಿ ಮೇಲಿನ ದಾರಿ ತೋರಿಸಿದೆ. "ಥ್ಯಾಂಕ್ಸ್ ಅಣ್ಣಾ" ಅಂತ ಹೋದರು.

ಅವರು ಹೋದ ಮೇಲೆ ಗೋಡೆಗೆ ಒರಗಿ ಅತ್ತೆ. ಮಗನ ಮುಂದೆ ಅಳಬಾರದು ಅಂತ ಒಂದು ತಿಂಗಳಿಂದ ತಡೆದುಕೊಂಡಿದ್ದೆ. ಅದೆಲ್ಲ ಅಲ್ಲೇ ಹೋಯಿತು. ಬಾಗಿಲ ಕಲ್ಲನ್ನು ಕೈಯಿಂದ ಸವರಿದೆ. ಈಟಿಯ ಬುಡ ಊರಿ ಊರಿ ಸವೆದಂತೆ ನೆಲದ ಕಲ್ಲಿನಲ್ಲಿ ಒಂದು ಸಣ್ಣ ಗುಳಿ ಇತ್ತು. ನೀರು ಬಿದ್ದು ಆದದ್ದೂ ಇರಬಹುದು. ಅದರಲ್ಲಿ ಎರಡು ಅಡಿಕೆ, ಒಂದು ಎಲೆ ಇಟ್ಟು ಬಂದೆ.

ಮಗ ಒಂದೂವರೆ ಗಂಟೆ ಆದ ಮೇಲೆ ಓಡುತ್ತಾ ಇಳಿದ. ಮೇಲೆ ಕಾಶಿ ವಿಶ್ವನಾಥನ ಗುಡಿ ಇದೆ, ಅರಮನೆಯ ತಳಪಾಯ ಇದೆ, ಅಡುಗೆಮನೆಯಲ್ಲಿ ಐದು ಬಾಯಿಯ ಕಲ್ಲಿನ ಒಲೆ ಇದೆ ಅಂತ ಒಂದೇ ಉಸಿರಿಗೆ ಹೇಳಿದ. ಫೋಟೋ ತೋರಿಸಿದ. ಒಲೆ ಫೋಟೋ ನೋಡಿ ನನಗೆ ಖುಷಿಯಾಯಿತು. ಅಷ್ಟು ಎತ್ತರದಲ್ಲೂ ಮೊದಲು ಅನ್ನ ಬೇಯಬೇಕಲ್ಲ. ನನ್ನ ಕಣ್ಣು ನೋಡಿದ. "ಮಂಡಿ ನೋವಾ?" ಅಂದ. ಹೌದು ಅಂದೆ. ಇಳಿಯುವಾಗ ಇಡೀ ದಾರಿ ನನ್ನ ಕೈ ಹಿಡಿದೇ ಇಳಿಸಿದ.

ಆ ಹುಡುಗರ ಮಾತನ್ನು ಅವನಿಗೆ ಹೇಳಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ನಾಲ್ಕನೇ ದಿನ: ಶಿವಮೊಗ್ಗ

ತುಂಗೆಯ ಪಕ್ಕದ ದಾರಿ. ಮಂಡಗದ್ದೆ ದಾಟಿ ಸಕ್ರೆಬೈಲಿಗೆ ಬರುವಷ್ಟರಲ್ಲಿ ಆನೆಗಳ ಸ್ನಾನ ಮುಗಿದಿತ್ತು. ನಿಲ್ಲಲಿಲ್ಲ.

ಬಸ್ಸಿಗೆ ಹೊತ್ತು ಇತ್ತು. ಶಿವಪ್ಪನಾಯಕನ ಅರಮನೆಗೆ ಹೋದೆವು. ಈಗ ಅದು ವಸ್ತುಸಂಗ್ರಹಾಲಯ. ಅಂಗಳದಲ್ಲಿ ಸುತ್ತಮುತ್ತಲ ಊರುಗಳಿಂದ ತಂದ ವೀರಗಲ್ಲುಗಳನ್ನು ನಿಲ್ಲಿಸಿದ್ದಾರೆ. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತಿರುವುದು. ಮಗ ಒಂದೊಂದನ್ನೂ ನಿಧಾನ ನೋಡಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸತ್ತವನನ್ನು ಸ್ವರ್ಗಕ್ಕೆ ಒಯ್ಯಲು ಅಷ್ಟು ಜನ ಇದ್ದಾರೆ. ಮನೆಯಲ್ಲಿ ಕಾಯುತ್ತಿದ್ದವಳನ್ನು ಆ ಮೂರು ಪಟ್ಟಿಯಲ್ಲಿ ಎಲ್ಲೂ ಕೆತ್ತಿಲ್ಲ. ಒಂದು ಕಲ್ಲಿನಲ್ಲಿ ಯೋಧನ ಮುಖ ಪೂರ್ತಿ ಸವೆದುಹೋಗಿತ್ತು. ಬರೀ ಕತ್ತಿ, ಗುರಾಣಿ. ಅದೊಂದರ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತೆ.

ಮಧ್ಯಾಹ್ನ ಊಟ ಮಾಡಿದೆವು. ಅವನಿಗೆ ಸೋಪು, ಸೂಜಿ ದಾರ, ಎರಡು ಬನೀನು ಕೊಂಡೆ. ಟ್ರಂಕಿನ ಮೂಲೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಡಬ್ಬಿ ಇಟ್ಟೆ. ಬಿಡುತ್ತಾರೋ ಇಲ್ಲವೋ.

ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಹಿಡಿದ ಇನ್ನೂ ಇಬ್ಬರು ಹುಡುಗರಿದ್ದರು. ಅವರ ತಾಯಂದಿರೂ ಬಂದಿದ್ದರು. ನಾವು ಮೂವರೂ ಹೆಸರು ಕೇಳಿಕೊಳ್ಳಲಿಲ್ಲ. ಒಬ್ಬರು ನನ್ನ ಕೈ ಹಿಡಿದುಕೊಂಡರು, ಅಷ್ಟೇ. ಜಾಕೆಟ್ಟು ಇನ್ನೂ ನನ್ನ ಮೈಮೇಲೇ ಇತ್ತು. ಬಿಚ್ಚಿ ಕೊಡಲು ಹೋದೆ. "ಇಟ್ಕೋ ಅಮ್ಮ. ಅಲ್ಲಿ ಬೇರೆ ಕೊಡ್ತಾರೆ" ಅಂದ. ಕಾಲಿಗೆ ಬಿದ್ದು ಬಸ್ಸು ಹತ್ತಿದ. ಕಿಟಕಿಯಿಂದ ಕೈ ಬೀಸಿದ.

ನಮ್ಮನೆಯವರು ಸಂಜೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿದ್ದರು, ಮಗನನ್ನು ಕಳಿಸಲು. ರಾತ್ರಿ ಸಾಗರದವರೆಗೆ ಓಮ್ನಿ ಅವರೇ ಓಡಿಸಿದರು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಜಾಕೆಟ್ಟನ್ನು ಗೊರಬು ನೇತುಹಾಕುವ ಗೂಟಕ್ಕೆ ಹಾಕಿದೆ.

ಬೆಳಿಗ್ಗೆ ಏಳೂವರೆಗೆ ಫೋನು ಬಂತು. ಬೆಳಗಾವಿಯಲ್ಲಿ ಗೇಟಿನ ಹತ್ತಿರ ಸಾಲಿನಲ್ಲಿ ನಿಂತಿದ್ದನಂತೆ. ಫೋನು ಕೊಡಬೇಕು, ಆಮೇಲೆ ಯಾವಾಗ ಮಾತಾಡಲು ಬಿಡುತ್ತಾರೋ ಗೊತ್ತಿಲ್ಲ ಅಂದ. ಕೇಳಬೇಕು ಅಂದುಕೊಂಡದ್ದು ಬಹಳ ಇತ್ತು. ಒಂದನ್ನೇ ಕೇಳಿದೆ.

ಅವರು ತೋಟಕ್ಕೆ ಹೊರಡುತ್ತಾ ಬಾಗಿಲಲ್ಲಿ ನಿಂತು, "ಏನಂದ?" ಅಂದರು.

"ಉಪ್ಪಿಟ್ಟು ತಿಂದನಂತೆ" ಅಂದೆ.